‘ನನ್ನನ್ನು ನಂಬಬೇಡಿ’ ಎಂದು ವಿಮಾನದ ಜಿಪಿಎಸ್ ಎಷ್ಟು ಬೇಗ ಹೇಳಬೇಕು?

2024ರ ಏಪ್ರಿಲ್ ಕೊನೆಯಲ್ಲಿ ಹೆಲ್ಸಿಂಕಿಯಿಂದ ಎಸ್ಟೋನಿಯಾದ ಟಾರ್ಟು ಊರಿಗೆ ಹೊರಟಿದ್ದ ಫಿನ್‌ಏರ್ ಕಂಪನಿಯ ಎರಡು ವಿಮಾನಗಳು ಇಳಿಯಲಾಗದೆ ವಾಪಸ್ ಬಂದವು. ಕಾರಣ, ಜಿಪಿಎಸ್ ಸಂಕೇತಕ್ಕೆ ಆಗುತ್ತಿದ್ದ ಅಡ್ಡಿ. ಆ ನಿಲ್ದಾಣದಲ್ಲಿ ಇಳಿಯಲು ಬಳಸುತ್ತಿದ್ದ ವಿಧಾನ ಜಿಪಿಎಸ್ ಅನ್ನೇ ನೆಚ್ಚಿಕೊಂಡಿತ್ತು. ಏಪ್ರಿಲ್ 29ರಿಂದ ಒಂದು ತಿಂಗಳ ಕಾಲ ಕಂಪನಿ ಅಲ್ಲಿಗೆ ಹಾರಾಟವನ್ನೇ ನಿಲ್ಲಿಸಿತು. ಜಿಪಿಎಸ್ ಇಲ್ಲದೆಯೂ ಇಳಿಯುವ ವ್ಯವಸ್ಥೆ ಮಾಡಿಕೊಳ್ಳಲು ಆ ಸಮಯ ಬೇಕಿತ್ತು.

ಇಂಥ ಸುದ್ದಿ ಈಗ ಜಾಸ್ತಿಯಾಗಿದೆ. ಓದಿದವರಿಗೆ ಒಂದು ಪ್ರಶ್ನೆ ಏಳುವುದು ಸಹಜ: ಸಂಕೇತ ಪೂರ್ತಿ ನಿಂತುಹೋದರೆ ಪೈಲಟ್‌ಗೆ ಗೊತ್ತಾಗುತ್ತದೆ, ಸರಿ. ಆದರೆ ಜಿಪಿಎಸ್ ತಪ್ಪು ಜಾಗವನ್ನು ತೋರಿಸುತ್ತಾ, ಪರದೆಯ ಮೇಲೆ ಎಲ್ಲವೂ ಸರಿಯಿರುವಂತೆ ಕಂಡರೆ? ಆ ತಪ್ಪನ್ನು ಹಿಡಿಯುವವರು ಯಾರು?

ಮೊದಲು ಹಿಡಿಯಬೇಕಾದದ್ದು ವಿಮಾನದೊಳಗಿನ ರಿಸೀವರ್. ಅದು ಎಷ್ಟು ದೊಡ್ಡ ತಪ್ಪನ್ನು ಹಿಡಿಯಬೇಕು, ಎಷ್ಟು ಸೆಕೆಂಡಿನೊಳಗೆ ಎಚ್ಚರಿಸಬೇಕು, ಎಷ್ಟು ಅಪರೂಪಕ್ಕೆ ಮಾತ್ರ ತಪ್ಪು ಕಣ್ತಪ್ಪಿ ಹೋಗಬಹುದು ಎಂಬುದಕ್ಕೆಲ್ಲ ಅಂಕಿ ಸಮೇತ ನಿಯಮಗಳಿವೆ. ಇವೇ ಇಂಟೆಗ್ರಿಟಿ ಮಾನದಂಡಗಳು.

ನಿಖರತೆ ಬೇರೆ, ಭರವಸೆ ಬೇರೆ

ಫೋನಿನ ಜಿಪಿಎಸ್ ಸಾಮಾನ್ಯವಾಗಿ ಕೆಲವೇ ಮೀಟರ್ ಅಂತರದೊಳಗೆ ನಮ್ಮ ಜಾಗವನ್ನು ಹೇಳುತ್ತದೆ. ಅದು ನಿಖರತೆಯ ಮಾತು: ಬಹುಪಾಲು ಸಮಯ ಉತ್ತರ ಎಷ್ಟು ಸರಿ ಎಂಬ ಲೆಕ್ಕ. ಉಳಿದ ಆ ಸ್ವಲ್ಪ ಸಮಯದಲ್ಲಿ ಏನಾಗುತ್ತದೆ ಎಂಬುದನ್ನು ನಿಖರತೆ ಹೇಳುವುದಿಲ್ಲ. ವಿಮಾನಕ್ಕೆ ಮುಖ್ಯವಾದದ್ದು ಆ ಸ್ವಲ್ಪ ಸಮಯವೇ.

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಉಪಗ್ರಹ ಸಂಚಾರ ವ್ಯವಸ್ಥೆಯನ್ನು ನಾಲ್ಕು ಗುಣಗಳಿಂದ ಅಳೆಯುತ್ತದೆ. ನಿಖರತೆ ಒಂದು. ಇಂಟೆಗ್ರಿಟಿ ಎರಡನೆಯದು: ಉತ್ತರವನ್ನು ನಂಬಬಾರದು ಎಂದಾದಾಗ ಅದನ್ನು ಸಮಯಕ್ಕೆ ಸರಿಯಾಗಿ ತಿಳಿಸುವ ಗುಣ. ಶುರು ಮಾಡಿದ ಕೆಲಸದ ನಡುವೆ ಸೇವೆ ಕೈಕೊಡಬಾರದು, ಅದು ನಿರಂತರತೆ. ಬೇಕಾದಾಗ ಸೇವೆ ಸಿಗಬೇಕು, ಅದು ಲಭ್ಯತೆ.

ಇವು ಒಂದನ್ನೊಂದು ಎಳೆದಾಡುತ್ತವೆ. ಸಣ್ಣ ಅನುಮಾನ ಬಂದರೂ ಎಚ್ಚರಿಕೆ ಬಾರಿಸುವ ರಿಸೀವರ್ ಮಾಡುವುದು ಸುಲಭ. ಅದರ ಇಂಟೆಗ್ರಿಟಿ ಅದ್ಭುತವಾಗಿರುತ್ತದೆ, ಆದರೆ ಅದನ್ನು ನೆಚ್ಚಿ ಯಾವ ವಿಮಾನವೂ ಇಳಿಯಲಾರದು. ಮಾನದಂಡ ಬರೆಯುವವರ ಕಷ್ಟವೆಲ್ಲ ಈ ಜಗ್ಗಾಟದಲ್ಲೇ ಇದೆ. ಆದ್ದರಿಂದ ಕಣ್ತಪ್ಪುವ ತಪ್ಪಿಗೆ ಮಿತಿ ಇರುವ ಹಾಗೆ, ಸುಳ್ಳು ಎಚ್ಚರಿಕೆಗೂ ಮಿತಿ ಇದೆ.

ಉಪಗ್ರಹ ಎಲ್ಲಿ ಎಡವುತ್ತದೆ

ಜಿಪಿಎಸ್ ಮೂಲತಃ ಗಡಿಯಾರಗಳ ಕೆಲಸ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಪ್ರತಿ ಉಪಗ್ರಹವೂ ‘ಈಗ ಸಮಯ ಇಷ್ಟು, ನಾನಿರುವುದು ಇಲ್ಲಿ’ ಎಂದು ಸಾರುತ್ತಿರುತ್ತದೆ. ಸಂಕೇತ ಬರಲು ಹಿಡಿದ ಸಮಯದಿಂದ ರಿಸೀವರ್ ದೂರವನ್ನು ಲೆಕ್ಕ ಹಾಕುತ್ತದೆ. ಸಂಕೇತ ಬೆಳಕಿನ ವೇಗದಲ್ಲಿ ಬರುವುದರಿಂದ, ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಗಡಿಯಾರ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ.

2004ರ ಜನವರಿ 1ರಂದು ಹೀಗೇ ಆಯಿತು. 23ನೇ ಸಂಖ್ಯೆಯ ಜಿಪಿಎಸ್ ಉಪಗ್ರಹದ ಪರಮಾಣು ಗಡಿಯಾರ ಹಾದಿ ತಪ್ಪಿತು. ಆ ಉಪಗ್ರಹವನ್ನು ಬಳಸಬಾರದು ಎಂದು ನೆಲದ ನಿಯಂತ್ರಣ ಕೇಂದ್ರ ಗುರುತು ಹಾಕುವ ಹೊತ್ತಿಗೆ ಸುಮಾರು ಮೂರು ಗಂಟೆ ಕಳೆದಿತ್ತು. ಅಷ್ಟರಲ್ಲಿ ದೂರದ ತಪ್ಪು 285 ಕಿ.ಮೀ.ಗೆ ಬೆಳೆದಿತ್ತು. 285 ಕಿ.ಮೀ. ತಪ್ಪನ್ನು ಯಾವ ರಿಸೀವರ್ ಆದರೂ ಹಿಡಿದೀತು. ಅಪಾಯವಿರುವುದು ಅದಕ್ಕೂ ಮೊದಲ ಹಂತದಲ್ಲಿ, ತಪ್ಪು ಇನ್ನೂ ನೂರಿನ್ನೂರು ಮೀಟರ್ ಇದ್ದು ಮೆಲ್ಲಗೆ ಬೆಳೆಯುತ್ತಿರುವಾಗ.

ಎಲ್ಲ ತಪ್ಪೂ ಇಷ್ಟು ಒರಟಾಗಿರುವುದಿಲ್ಲ. 1993ರಲ್ಲಿ 19ನೇ ಸಂಖ್ಯೆಯ ಉಪಗ್ರಹದ ಸಂಕೇತದ ಆಕಾರವೇ ಸ್ವಲ್ಪ ವಿರೂಪಗೊಂಡಿದ್ದು ಬೆಳಕಿಗೆ ಬಂತು. ಗಡಿಯಾರ ಸರಿಯಿತ್ತು, ಕಕ್ಷೆ ಸರಿಯಿತ್ತು. ಆದರೂ ನೆಲದ ನೆರವು ಪಡೆದು ಅತಿ ನಿಖರವಾಗಿ ಅಳೆಯುವ ವ್ಯವಸ್ಥೆಗಳಲ್ಲಿ ಎತ್ತರದ ಲೆಕ್ಕ ಕೆಲವು ಮೀಟರ್ ತಪ್ಪುತ್ತಿತ್ತು. ಸಾಮಾನ್ಯ ಬಳಕೆದಾರರಿಗೆ ಇದು ತಿಳಿಯುವುದೂ ಇಲ್ಲ. ರನ್‌ವೇ ಹತ್ತಿರ ಬರುವ ವಿಮಾನಕ್ಕೆ ಕೆಲವು ಮೀಟರ್ ಎತ್ತರ ಎಂದರೆ ಸಣ್ಣ ಮಾತಲ್ಲ. ಈ ಒಂದು ಘಟನೆಯ ನಂತರ ಸಂಕೇತದ ಆಕಾರವನ್ನೇ ಕಾಯುವ ವಿಧಾನಗಳು ಮಾನದಂಡದೊಳಗೆ ಬಂದವು.

ಇವುಗಳ ಜೊತೆ ಅಯಾನುಗೋಳವೂ ಇದೆ. ಭೂಮಿಯ ಮೇಲಿನ ಈ ವಿದ್ಯುತ್ ಕಣಗಳ ಪದರ ಸಂಕೇತವನ್ನು ತಡಮಾಡುತ್ತದೆ. ಸೂರ್ಯ ಶಾಂತವಾಗಿದ್ದರೆ ಈ ತಡವನ್ನು ಅಂದಾಜು ಮಾಡಬಹುದು, ಸೌರ ಬಿರುಗಾಳಿ ಬೀಸಿದರೆ ಆ ಅಂದಾಜೇ ಕೆಡುತ್ತದೆ.

ಆರು ಸೆಕೆಂಡಿನಲ್ಲಿ ಎಷ್ಟು ದೂರ

ಉಪಗ್ರಹಕ್ಕೂ ಮುಂಚಿನಿಂದ ವಿಮಾನಗಳು ಇಳಿಯಲು ಬಳಸುತ್ತಿರುವುದು ಐಎಲ್‌ಎಸ್. ರನ್‌ವೇ ಪಕ್ಕದ ಪ್ರಸಾರ ಯಂತ್ರಗಳು ರೇಡಿಯೊ ಕಿರಣಗಳಿಂದ ಇಳಿಯುವ ದಾರಿಯನ್ನು ತೋರಿಸುತ್ತವೆ. ಹತ್ತಿರದಲ್ಲೇ ಒಂದು ಕಾವಲು ಉಪಕರಣ ಆ ಕಿರಣಗಳನ್ನು ಸದಾ ಗಮನಿಸುತ್ತಿರುತ್ತದೆ. ಎತ್ತರದ ದಾರಿ ತೋರುವ ಕಿರಣ ಹದ ತಪ್ಪಿದರೆ, ಮೊದಲ ದರ್ಜೆಯ ಐಎಲ್‌ಎಸ್‌ನಲ್ಲಿ 6 ಸೆಕೆಂಡಿನೊಳಗೆ ಆ ತಪ್ಪು ಪ್ರಸಾರ ನಿಲ್ಲಬೇಕು. ಮಂಜಿನಲ್ಲೂ ಇಳಿಸುವ ಮೇಲಿನ ದರ್ಜೆಗಳಲ್ಲಿ 2 ಸೆಕೆಂಡ್.

ಆರು ಸೆಕೆಂಡ್ ಎಂದರೆ ಎಷ್ಟು ಎಂದು ಲೆಕ್ಕ ಹಾಕಿ ನೋಡೋಣ. ಇಳಿಯುತ್ತಿರುವ ಜೆಟ್ ವಿಮಾನದ ವೇಗ ಸುಮಾರು 140 ನಾಟ್ ಎಂದುಕೊಳ್ಳಿ, ಅಂದರೆ ಸೆಕೆಂಡಿಗೆ 72 ಮೀಟರ್. ಮೂರು ಡಿಗ್ರಿ ಇಳಿಜಾರಿನಲ್ಲಿ ಅದು ಸೆಕೆಂಡಿಗೆ ಸುಮಾರು 3.8 ಮೀಟರ್ ಕೆಳಗಿಳಿಯುತ್ತದೆ. ಆರು ಸೆಕೆಂಡಿನಲ್ಲಿ 430 ಮೀಟರ್ ಮುಂದೆ, 22 ಮೀಟರಿಗೂ ಜಾಸ್ತಿ ಕೆಳಗೆ. ಇಳಿಯಬೇಕೋ ಮತ್ತೆ ಮೇಲೇರಬೇಕೋ ಎಂದು ಪೈಲಟ್ ತೀರ್ಮಾನಿಸುವ ಎತ್ತರ ಎಷ್ಟೋ ಕಡೆ 60 ಮೀಟರ್. ಆ 60ರಲ್ಲಿ 22 ಹೋದರೆ ಉಳಿಯುವುದು ಎಷ್ಟು ಎಂದು ನೀವೇ ನೋಡಿ.

ಐಎಲ್‌ಎಸ್‌ನ ಕಾವಲು ರನ್‌ವೇ ಪಕ್ಕದಲ್ಲೇ ಇದೆ. ಜಿಪಿಎಸ್‌ನಲ್ಲಿ ಪ್ರಸಾರ ಯಂತ್ರ ಅಂತರಿಕ್ಷದಲ್ಲಿದೆ, ಅದನ್ನು ಕಾಯುವವರು ಸುದ್ದಿ ಮುಟ್ಟಿಸುವ ಹೊತ್ತಿಗೆ ಗಂಟೆಗಳೇ ಕಳೆಯಬಹುದು. ಗಂಟೆಗಳ ಈ ಅಂತರವನ್ನು ಸೆಕೆಂಡುಗಳಿಗೆ ಇಳಿಸುವುದಕ್ಕಾಗಿಯೇ ಇಡೀ ಇಂಟೆಗ್ರಿಟಿ ವ್ಯವಸ್ಥೆ ಹುಟ್ಟಿದ್ದು.

ಭರವಸೆಗೆ ಮೂರು ಅಂಕಿ

ಮಾನದಂಡ ಪ್ರತಿ ಹಂತದ ಹಾರಾಟಕ್ಕೂ ಮೂರು ಸಂಖ್ಯೆಗಳನ್ನು ಕೊಡುತ್ತದೆ. ಅಲರ್ಟ್ ಲಿಮಿಟ್ ಎಂದರೆ ಸಹಿಸಬಹುದಾದ ತಪ್ಪಿನ ಗಡಿ. ಟೈಮ್ ಟು ಅಲರ್ಟ್ ಎಂದರೆ ಆ ಗಡಿ ದಾಟಿದ ಮೇಲೆ ಎಚ್ಚರಿಸಲು ಇರುವ ಸಮಯ. ಮೂರನೆಯದು, ಗಡಿ ದಾಟಿಯೂ ಎಚ್ಚರಿಕೆ ಬಾರದೇ ಹೋಗುವ ಸಾಧ್ಯತೆ.

ಮಹಾಸಾಗರದ ಮೇಲೆ ಹಾರುವಾಗ ಗಡಿ 7.4 ಕಿ.ಮೀ., ಸಮಯ 5 ನಿಮಿಷ. ಅಲ್ಲಿ ವಿಮಾನಗಳ ನಡುವೆ ಜಾಗ ಧಾರಾಳವಾಗಿದೆ. ನಿಲ್ದಾಣದ ಸುತ್ತಲಿನ ಆಕಾಶಕ್ಕೆ ಬಂದಾಗ ಗಡಿ 1.85 ಕಿ.ಮೀ., ಸಮಯ 15 ಸೆಕೆಂಡ್. ಎತ್ತರದ ಮಾರ್ಗದರ್ಶನವಿಲ್ಲದೆ ರನ್‌ವೇ ಕಡೆಗೆ ಬರುವಾಗ 556 ಮೀಟರ್ ಮತ್ತು 10 ಸೆಕೆಂಡ್. ಉಪಗ್ರಹವೇ ಎತ್ತರವನ್ನೂ ತೋರಿಸುತ್ತಾ 60 ಮೀಟರ್‌ವರೆಗೆ ಇಳಿಸುವಾಗ ಅಡ್ಡಡ್ಡಕ್ಕೆ 40 ಮೀಟರ್, ಮೇಲೆ ಕೆಳಗೆ 35 ಮೀಟರ್, ಸಮಯ 6 ಸೆಕೆಂಡ್. ಐಎಲ್‌ಎಸ್‌ನ ಅದೇ ಆರು.

ಮೂರನೇ ಅಂಕಿ ಮೊದಲ ಮೂರು ಹಂತಗಳಲ್ಲಿ ಒಂದು ಕೋಟಿ ಗಂಟೆಗೆ ಒಂದು. ಕೊನೆಯ ಹಂತದಲ್ಲಿ ಒಂದು ಕೋಟಿ ಇಳಿಯುವಿಕೆಗಳಿಗೆ ಎರಡು.

ಅಲುಗಾಡುವ ಮೇಜು

ಹೊರಗಿನವರ ನೆರವಿಲ್ಲದೆ ರಿಸೀವರ್ ತಾನೇ ತಪ್ಪು ಹಿಡಿಯುವ ವಿಧಾನಕ್ಕೆ ರೈಮ್ ಎಂದು ಹೆಸರು. ಮೂರು ಕಾಲಿನ ಸ್ಟೂಲ್ ಯಾವತ್ತೂ ಅಲುಗಾಡುವುದಿಲ್ಲ, ಅಲ್ವಾ? ಒಂದು ಕಾಲು ಗಿಡ್ಡವಾದರೂ ಅದು ಸುಮ್ನೆ ಓರೆಯಾಗಿ ನಿಲ್ಲುತ್ತದೆ, ಅಷ್ಟೇ. ನಾಲ್ಕು ಕಾಲಿನ ಮೇಜು ಹಾಗಲ್ಲ. ಒಂದು ಕಾಲು ಗಿಡ್ಡವಾದರೆ ಕೂಡಲೇ ಅಲುಗಾಡುತ್ತದೆ.

ಜಾಗದ ಮೂರು ಅಳತೆ ಮತ್ತು ಸಮಯ, ಹೀಗೆ ನಾಲ್ಕು ಸಂಗತಿ ಕಂಡುಹಿಡಿಯಲು ನಾಲ್ಕು ಉಪಗ್ರಹ ಸಾಕು. ಆದರೆ ನಾಲ್ಕೇ ಇದ್ದರೆ ಅದು ಸ್ಟೂಲ್ ಇದ್ದ ಹಾಗೆ. ಒಂದು ಉಪಗ್ರಹ ಸುಳ್ಳು ಹೇಳಿದರೂ ಒಂದು ಉತ್ತರ ಬಂದೇ ಬರುತ್ತದೆ, ತಪ್ಪು ಉತ್ತರ. ಐದನೆಯದು ಸಿಕ್ಕರೆ ಲೆಕ್ಕ ಒಂದಕ್ಕೊಂದು ತಾಳೆಯಾಗುವುದಿಲ್ಲ, ಮೇಜು ಅಲುಗಾಡುತ್ತದೆ. ಯಾವುದೋ ಒಂದು ಸರಿಯಿಲ್ಲ ಎಂದು ಗೊತ್ತಾಗುತ್ತದೆ. ಯಾವುದು ಎಂದು ಗುರುತಿಸಿ ಹೊರಗಿಡಲು ಆರು ಬೇಕು.

ಸಂಖ್ಯೆ ಮಾತ್ರ ಸಾಲದು. ಉಪಗ್ರಹಗಳು ಆಕಾಶದಲ್ಲಿ ಚೆನ್ನಾಗಿ ಹರಡಿಕೊಂಡಿರಬೇಕು. ಎಲ್ಲವೂ ಒಂದೇ ಮೂಲೆಯಲ್ಲಿದ್ದರೆ ತಪ್ಪು ಅಡಗಿಕೊಳ್ಳುತ್ತದೆ. ಉಪಗ್ರಹಗಳ ಕಕ್ಷೆ ಮೊದಲೇ ಗೊತ್ತಿರುವುದರಿಂದ, ಯಾವ ಹೊತ್ತಿನಲ್ಲಿ ಎಲ್ಲಿ ರೈಮ್ ಸಿಗುವುದಿಲ್ಲ ಎಂದು ಹಾರುವ ಮುಂಚೆಯೇ ಲೆಕ್ಕ ಹಾಕಬಹುದು. ರೈಮ್ ಒಂದನ್ನೇ ನಂಬಿ ಹೊರಡುವವರು ಹಾಗೆ ನೋಡಿಕೊಂಡೇ ಹೊರಡುತ್ತಾರೆ.

ಕೋಟಿಗೆ ಒಂದು ಎಲ್ಲಿಂದ ಬಂತು

ಇದೊಂದು ಸರಳ ಗುಣಾಕಾರ. ಯಾವುದೇ ಒಂದು ಗಂಟೆಯಲ್ಲಿ, ಕಣ್ಣಿಗೆ ಬಿದ್ದ ಉಪಗ್ರಹಗಳ ಪೈಕಿ ಒಂದು ಕೆಡುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು ಎಂದು ಮಾನದಂಡ ಇಟ್ಟುಕೊಳ್ಳುತ್ತದೆ. ಹಾಗೆ ಕೆಟ್ಟಾಗ ರಿಸೀವರ್ ಅದನ್ನು ಹಿಡಿಯದೇ ಹೋಗುವ ಸಾಧ್ಯತೆ ಸಾವಿರಕ್ಕೆ ಒಂದನ್ನು ಮೀರಬಾರದು ಎನ್ನುತ್ತದೆ. ಹತ್ತು ಸಾವಿರವನ್ನು ಸಾವಿರದಿಂದ ಗುಣಿಸಿದರೆ ಒಂದು ಕೋಟಿ.

ಇದರಲ್ಲಿ ಮೊದಲ ಸಂಖ್ಯೆ ಉಪಗ್ರಹಗಳದ್ದು, ಎರಡನೆಯದು ರಿಸೀವರ್ ತಯಾರಕರ ಹೊಣೆ. ಜವಾಬ್ದಾರಿಯನ್ನು ಹೀಗೆ ಪಾಲು ಮಾಡಿದ್ದು ಈ ಮಾನದಂಡದ ಅತ್ಯಂತ ಜಾಣ ಕೆಲಸ ಎಂದು ನನ್ನ ಅನಿಸಿಕೆ. ಕೋಟಿ ಗಂಟೆ ಎಂದರೆ ಸುಮಾರು 1,140 ವರ್ಷ. ಅಷ್ಟು ಹಾರಿಸಿ ಪರೀಕ್ಷಿಸಲು ಯಾರಿಂದಲೂ ಆಗದು. ಸಾವಿರಕ್ಕೆ ಒಂದನ್ನು ಮಾತ್ರ ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು: ಬೇಕೆಂದೇ ಒಂದು ಉಪಗ್ರಹದ ಅಳತೆ ಕೆಡಿಸಿ, ರಿಸೀವರ್ ಎಷ್ಟು ಸಲ ಹಿಡಿಯಿತು, ಎಷ್ಟು ಸಲ ಬಿಟ್ಟಿತು ಎಂದು ಎಣಿಸಬಹುದು.

ತನ್ನ ತಪ್ಪು ತನಗೇ ಗೊತ್ತಿಲ್ಲದಿರುವಾಗ

ಇಲ್ಲೊಂದು ತೊಡಕಿದೆ. ನಿಜವಾದ ತಪ್ಪು ಎಷ್ಟು ಎಂದು ರಿಸೀವರ್‌ಗೆ ಯಾವತ್ತೂ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಅದನ್ನು ಕಳೆದು ಸರಿ ಉತ್ತರವನ್ನೇ ಕೊಡುತ್ತಿತ್ತು. ಹಾಗಿದ್ದರೆ ಗಡಿ ದಾಟಿದೆ ಎಂದು ತಿಳಿಯುವುದು ಹೇಗೆ?

ತಪ್ಪನ್ನು ಅಳೆಯುವ ಬದಲು ಅದು ತಪ್ಪಿಗೊಂದು ಮೇಲಿನ ಮಿತಿಯನ್ನು ಕಟ್ಟುತ್ತದೆ. ‘ನನ್ನ ಉತ್ತರ ಎಷ್ಟೇ ತಪ್ಪಿದರೂ ಇದಕ್ಕಿಂತ ಜಾಸ್ತಿ ತಪ್ಪಿರುವ ಸಾಧ್ಯತೆ ಕೋಟಿಗೆ ಒಂದರಷ್ಟು ಮಾತ್ರ’ ಎಂಬ ಗೆರೆ. ಇದಕ್ಕೆ ಪ್ರೊಟೆಕ್ಷನ್ ಲೆವೆಲ್ ಎನ್ನುತ್ತಾರೆ. ಅದು ಅಲರ್ಟ್ ಲಿಮಿಟ್‌ನ ಒಳಗಿದ್ದರೆ ಮುಂದುವರಿಯಬಹುದು. ಮೀರಿದರೆ ಪೈಲಟ್‌ಗೆ ಎಚ್ಚರಿಕೆ, ಆ ವಿಧಾನ ಕೈಬಿಡಬೇಕು. ಅಷ್ಟು ಹೊತ್ತಿಗೆ ನಿಜವಾದ ತಪ್ಪು ಎರಡೇ ಮೀಟರ್ ಇದ್ದಿರಬಹುದು. ಆದರೂ ನಿಲ್ಲಿಸಬೇಕು, ಏಕೆಂದರೆ ಎರಡೇ ಮೀಟರ್ ಎಂದು ಖಾತರಿ ಕೊಡುವವರು ಯಾರೂ ಇಲ್ಲ.

ಗೆರೆ ಎಷ್ಟು ದೂರ ಹಾಕಬೇಕು? ಅಳತೆಯ ತಪ್ಪುಗಳು ಸಾಮಾನ್ಯವಾಗಿ ನಡುವೆ ಉಬ್ಬಿ ಎರಡೂ ಕಡೆ ತೆಳುವಾಗುವ ಗಂಟೆಯಾಕಾರದಲ್ಲಿ ಹರಡಿರುತ್ತವೆ. ಎತ್ತರದ ಲೆಕ್ಕದಲ್ಲಿ ಈ ಹರಡಿಕೆಯ ಮೂಲ ಅಳತೆಯ 5.33 ಪಟ್ಟು ದೂರಕ್ಕೆ ಗೆರೆ ಹಾಕಬೇಕು ಎನ್ನುತ್ತದೆ ಮಾನದಂಡ. ಆದರೆ ನಿಜ ಜಗತ್ತಿನ ತಪ್ಪುಗಳ ಬಾಲ ಪುಸ್ತಕದ ಗಂಟೆಗಿಂತ ದಪ್ಪ. ಅಪರೂಪದ ದೊಡ್ಡ ತಪ್ಪು ಲೆಕ್ಕಕ್ಕಿಂತ ಜಾಸ್ತಿ ಸಲ ಬರುತ್ತದೆ. ಅದಕ್ಕೇ ಗಂಟೆಯನ್ನು ಬೇಕೆಂದೇ ಹಿಗ್ಗಿಸಿ, ದಪ್ಪ ಬಾಲವೂ ಅದರೊಳಗೆ ಅಡಗುವಂತೆ ಮಾಡುತ್ತಾರೆ.

2003ರ ಅಕ್ಟೋಬರ್ ಕೊನೆಯ ಸೌರ ಬಿರುಗಾಳಿ ಇದಕ್ಕೆ ಒಳ್ಳೆಯ ಪರೀಕ್ಷೆಯಾಯಿತು. ಅಮೆರಿಕದಲ್ಲಿ ವಿಮಾನಗಳಿಗೆ ಉಪಗ್ರಹದ ಮೂಲಕ ಎತ್ತರ ತೋರಿಸುವ ಸೇವೆ ಶುರುವಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. 29 ಮತ್ತು 30ರಂದು ಆ ಸೇವೆ ಗಂಟೆಗಟ್ಟಲೆ ಸಿಗಲಿಲ್ಲ. ಲಭ್ಯತೆ ಹೋಯಿತು, ಆದರೆ ಇಂಟೆಗ್ರಿಟಿ ಉಳಿಯಿತು. ಮಾನದಂಡ ಬಯಸುವುದು ಇದನ್ನೇ.

ಬರೆಯುವವರು ಯಾರು

ಗುರಿಯನ್ನು ಐಸಿಎಒ ತನ್ನ ಹತ್ತನೇ ಅನುಬಂಧದಲ್ಲಿ ಹೇಳುತ್ತದೆ. ರಿಸೀವರ್ ಅದನ್ನು ಹೇಗೆ ಮುಟ್ಟಬೇಕು, ಯಾವ ಪರೀಕ್ಷೆ ಪಾಸಾಗಬೇಕು ಎಂಬುದನ್ನು ಬರೆಯುವುದು ಅಮೆರಿಕದ ಆರ್‌ಟಿಸಿಎ ಮತ್ತು ಯುರೋಪಿನ ಯೂರೋಕೇ ಸಂಸ್ಥೆಗಳ ಸಮಿತಿಗಳು. ಆರ್‌ಟಿಸಿಎಯ 159ನೇ ಸಮಿತಿ 1985ರಿಂದ ಇದೇ ಕೆಲಸ ಮಾಡುತ್ತಿದೆ. ತಯಾರಕರು, ವಿಮಾನ ಕಂಪನಿಗಳು, ಸರ್ಕಾರಿ ಎಂಜಿನಿಯರುಗಳು ಎಲ್ಲರೂ ಅಲ್ಲಿ ಕೂತು ಒಮ್ಮತಕ್ಕೆ ಬರಬೇಕು. ಆಮೇಲೆ ಅಮೆರಿಕದ ಎಫ್‌ಎಎ, ಯುರೋಪಿನ ಇಎಎಸ್‌ಎಯಂಥ ನಿಯಂತ್ರಕರು ಆ ದಾಖಲೆಗೆ ಕಾನೂನಿನ ಬಲ ಕೊಡುತ್ತಾರೆ.

ಜಿಪಿಎಸ್ ರಿಸೀವರ್‌ಗಳಿಗೆ ಎಫ್‌ಎಎ ಕೊಟ್ಟ ಮೊದಲ ಮಾನದಂಡ 1992ರ ಸಿ-129. ಆಗ ಅಮೆರಿಕದ ಸೇನೆ ನಾಗರಿಕ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿತ್ತು. ರಿಸೀವರ್‌ಗಳು ಆ ದೊಡ್ಡ ತಪ್ಪನ್ನು ಸೇರಿಸಿಕೊಂಡೇ ತಮ್ಮ ಗೆರೆ ಹಾಕುತ್ತಿದ್ದವು. 2000ದ ಮೇ ತಿಂಗಳಲ್ಲಿ ಮಸುಕು ನಿಂತಿತು. ಹಳೆಯ ರಿಸೀವರ್‌ಗಳಿಗೆ ಅದನ್ನು ಹೇಳುವವರಿಲ್ಲ. ಅವುಗಳ ಲೆಕ್ಕದಲ್ಲಿ ಮಸುಕು ಈಗಲೂ ಇದೆ, ಗೆರೆ ಈಗಲೂ ದೂರದಲ್ಲಿದೆ. ಹಾಗಾಗಿ ನಿಜಕ್ಕೂ ಸೇವೆ ಚೆನ್ನಾಗಿರುವಾಗಲೂ ಅವು ‘ರೈಮ್ ಇಲ್ಲ’ ಎನ್ನುವ ಸಂದರ್ಭಗಳಿವೆ. ಇದನ್ನು ಸರಿಪಡಿಸಿದ ಡಿಒ-316 ದಾಖಲೆ ಬಂದದ್ದು 2009ರಲ್ಲಿ. ಒಂದು ಊಹೆಯನ್ನು ಯಂತ್ರದೊಳಗೆ ಬರೆದುಬಿಟ್ಟರೆ ಅದು ಎಷ್ಟು ಕಾಲ ಬಾಳುತ್ತದೆ ನೋಡಿ.

ಹೊರಗಿನ ಕಾವಲು

ರೈಮ್ ಒಂದರಿಂದಲೇ 556 ಮೀಟರ್ ಗಡಿಯನ್ನು ಕಾಯಬಹುದು, 35 ಮೀಟರ್ ಗಡಿಯನ್ನು ಕಾಯಲಾಗದು. ಅದಕ್ಕೆ ನೆಲದಿಂದ ನೆರವು ಬೇಕು. ಅಮೆರಿಕದ ವಾಸ್ 2003ರಲ್ಲಿ, ಯುರೋಪಿನ ಎಗ್ನೋಸ್ 2011ರಲ್ಲಿ ವಿಮಾನ ಸೇವೆಗೆ ತೆರೆದವು. ಭಾರತದ ಗಗನ್ ಕೂಡ ಇದೇ ಬಗೆಯದು. ಖಂಡದುದ್ದಕ್ಕೂ ಇಟ್ಟ ನೆಲದ ಕೇಂದ್ರಗಳು ಜಿಪಿಎಸ್ ಅನ್ನು ಸದಾ ಅಳೆಯುತ್ತವೆ. ತಿದ್ದುಪಡಿ ಎಷ್ಟು, ಯಾವ ಉಪಗ್ರಹವನ್ನು ಬಳಸಬಾರದು ಎಂಬ ಸಂದೇಶ ಇನ್ನೊಂದು ಉಪಗ್ರಹದ ಮೂಲಕ ಪ್ರತಿ ಸೆಕೆಂಡಿಗೊಮ್ಮೆ ವಿಮಾನಕ್ಕೆ ಬರುತ್ತದೆ. ಅಳೆದು, ಪರಿಶೀಲಿಸಿ, ಮೇಲೆ ಕಳಿಸಿ, ಕೆಳಗೆ ತಲುಪಿಸಿ, ರಿಸೀವರ್ ಎಚ್ಚರಿಸುವವರೆಗೆ ಎಲ್ಲ ಸೇರಿ ಆ ಆರು ಸೆಕೆಂಡಿನೊಳಗೆ ಮುಗಿಯಬೇಕು.

ಬೇಕೆಂದೇ ಸುಳ್ಳು ಹೇಳಿದರೆ

ಇನ್ನು ಈಗಿನ ಸುದ್ದಿಗಳಿಗೆ ಬರೋಣ. ಜ್ಯಾಮಿಂಗ್ ಮತ್ತು ಸ್ಪೂಫಿಂಗ್ ಎಂಬ ಎರಡು ಪದಗಳು ಜೊತೆಯಲ್ಲೇ ಬರುತ್ತವೆ. ಆದರೆ ಮಾನದಂಡದ ಕಣ್ಣಿಗೆ ಎರಡೂ ಬೇರೆ ಬೇರೆ. ಜ್ಯಾಮಿಂಗ್ ಎಂದರೆ ಗದ್ದಲ ಮಾಡಿ ಸಂಕೇತವನ್ನು ಮುಳುಗಿಸುವುದು. ರಿಸೀವರ್ ಕುರುಡಾಗುತ್ತದೆ, ಹಾಗೆಂದು ಹೇಳುತ್ತದೆ. ಲಭ್ಯತೆ ಹೋಗುತ್ತದೆ, ಇಂಟೆಗ್ರಿಟಿ ಉಳಿಯುತ್ತದೆ.

ಸ್ಪೂಫಿಂಗ್ ಹಾಗಲ್ಲ. ಉಪಗ್ರಹದ್ದೇ ಎನಿಸುವ ಸುಳ್ಳು ಸಂಕೇತಗಳನ್ನು ಯಾರೋ ನೆಲದಿಂದ ಕಳಿಸುತ್ತಾರೆ. 2023ರ ಸೆಪ್ಟೆಂಬರ್ ಹೊತ್ತಿಗೆ ಇರಾಕ್ ಮೇಲಿನ ಆಕಾಶದಲ್ಲಿ ಹಲವು ವಿಮಾನಗಳಿಗೆ ಹೀಗಾದ ವರದಿಗಳು ಬಂದವು. ಮೇಜನ್ನೇ ನೆನೆಯಿರಿ: ಎಲ್ಲ ಕಾಲುಗಳನ್ನೂ ಒಂದೇ ಅಳತೆಗೆ ಕತ್ತರಿಸಿದರೆ ಮೇಜು ಅಲುಗಾಡುವುದಿಲ್ಲ. ಎಲ್ಲ ಸುಳ್ಳುಗಳೂ ಒಂದಕ್ಕೊಂದು ತಾಳೆಯಾಗಿದ್ದರೆ ರೈಮ್‌ಗೆ ಅನುಮಾನವೇ ಬರುವುದಿಲ್ಲ. ಅದು ರೈಮ್‌ನ ಕೊರತೆ ಎನ್ನುವುದು ನ್ಯಾಯವಲ್ಲ. ಕೆಟ್ಟುಹೋಗುವ ಉಪಗ್ರಹಕ್ಕಾಗಿ ಅದನ್ನು ಮಾಡಿದ್ದರು, ಮೋಸ ಮಾಡುವ ಮನುಷ್ಯನಿಗಾಗಿ ಅಲ್ಲ. ವಾಸ್, ಗಗನ್‌ಗಳ ನೆಲದ ಕೇಂದ್ರಗಳಿಗೂ ಇದು ಕಾಣುವುದಿಲ್ಲ, ಏಕೆಂದರೆ ಕೆಟ್ಟಿರುವುದು ಉಪಗ್ರಹವಲ್ಲ, ವಿಮಾನದ ಸುತ್ತಲಿನ ರೇಡಿಯೊ ವಾತಾವರಣ.

ಹೊಸ ಪೀಳಿಗೆಯ ಮಾನದಂಡಗಳು ಎರಡು ಆವರ್ತನ ಮತ್ತು ಒಂದಕ್ಕಿಂತ ಹೆಚ್ಚು ಉಪಗ್ರಹ ವ್ಯವಸ್ಥೆಗಳನ್ನು ಒಟ್ಟಿಗೆ ಬಳಸುತ್ತವೆ. ಜಿಪಿಎಸ್ ಜೊತೆ ಯುರೋಪಿನ ಗೆಲಿಲಿಯೊ ಕೂಡ ಬರುತ್ತದೆ. ಎರಡು ಆವರ್ತನವಿದ್ದರೆ ಅಯಾನುಗೋಳದ ತಡವನ್ನು ಅಂದಾಜು ಮಾಡಬೇಕಿಲ್ಲ, ಬಹುಮಟ್ಟಿಗೆ ನೇರವಾಗಿ ಅಳೆದುಬಿಡಬಹುದು. ಸುಳ್ಳು ಹೇಳುವವನೂ ಹೆಚ್ಚು ಸಂಕೇತಗಳನ್ನು ಏಕಕಾಲಕ್ಕೆ ನಕಲು ಮಾಡಬೇಕಾಗುತ್ತದೆ. ಗೆಲಿಲಿಯೊ ತನ್ನ ಸಂದೇಶದ ಅಸಲಿತನ ಪರೀಕ್ಷಿಸಲು ಗೂಢಲಿಪಿಯ ಗುರುತನ್ನೂ ಸೇರಿಸುತ್ತದೆ.

ಆದರೆ ಮೂಲದ ಕಷ್ಟ ಉಳಿದೇ ಇದೆ, ಅದು ಆ ಗುಣಾಕಾರದಲ್ಲಿದೆ. ಉಪಗ್ರಹ ಎಷ್ಟು ಸಲ ಕೆಡುತ್ತದೆ ಎನ್ನಲು ದಶಕಗಳ ದಾಖಲೆ ಇದೆ, ಹಾಗಾಗಿ ಹತ್ತು ಸಾವಿರಕ್ಕೆ ಒಂದು ಎಂದು ಬರೆಯಬಹುದು. ಒಬ್ಬ ಮನುಷ್ಯ ನಾಳೆ ಸುಳ್ಳು ಸಂಕೇತ ಕಳಿಸುವ ಸಾಧ್ಯತೆ ಎಷ್ಟು? ಯುದ್ಧ ನಡೆಯುವ ಪ್ರದೇಶದ ಹತ್ತಿರ ಅದು ದಿನವೂ ನಡೆಯಬಹುದು, ಬೇರೆಡೆ ಎಂದೂ ನಡೆಯದಿರಬಹುದು. ಹತ್ತು ಸಾವಿರದ ಜಾಗದಲ್ಲಿ ಬರೆಯಲು ಸಂಖ್ಯೆಯೇ ಇಲ್ಲ, ಹಾಗಾಗಿ ಕೋಟಿ ಎಂಬ ಉತ್ತರವೂ ಬರುವುದಿಲ್ಲ. ಅದಕ್ಕೇ ಇಲ್ಲಿ ಬೇರೆ ದಾರಿ ಹಿಡಿಯಬೇಕಾಗಿದೆ: ಜಿಪಿಎಸ್ ಹೇಳಿದ ಜಾಗವನ್ನು ವಿಮಾನದ ಸ್ವಂತ ಚಲನೆ ಅಳೆಯುವ ಜಡತ್ವ ಉಪಕರಣದ ಜೊತೆ ಹೋಲಿಸುವುದು, ಇದ್ದಕ್ಕಿದ್ದಂತೆ ಜಾಗ ಅಥವಾ ಸಮಯ ನೆಗೆದರೆ ಒಪ್ಪದಿರುವುದು, ಅನುಮಾನ ಬಂದ ಕೂಡಲೇ ಜಿಪಿಎಸ್ ಕೈಬಿಟ್ಟು ನೆಲದ ರೇಡಿಯೊ ಕೇಂದ್ರಗಳಿಗೆ, ಐಎಲ್‌ಎಸ್‌ಗೆ ಮರಳುವುದು. ಅಂಥ ಕೇಂದ್ರಗಳನ್ನು ಹಳೆಯದು, ದುಬಾರಿ ಎಂದು ಎಷ್ಟೋ ಕಡೆ ಒಂದೊಂದಾಗಿ ಮುಚ್ಚುತ್ತಾ ಬಂದಿದ್ದಾರೆ. ಯಾವುದನ್ನು ಮುಚ್ಚಬೇಕು, ಯಾವುದನ್ನು ಉಳಿಸಬೇಕು ಎಂಬ ಚರ್ಚೆ ಈಗ ರಿಸೀವರ್ ಮಾನದಂಡದ ಚರ್ಚೆಯ ಜೊತೆಗೇ ನಡೆಯಬೇಕಾಗಿದೆ.